ಆಯಿಯ ಮಾತಿಗೆ ಜಾಗ ಬಿಟ್ಟ ಎಸಿ

ನಮ್ಮ ಕಲಬುರಗಿಯಲ್ಲಿ ಬೇಸಿಗೆ ಬಂತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿಲ್ಲ. ಶರಣಬಸವೇಶ್ವರ ಜಾತ್ರೆ ಮುಗಿಯುತ್ತಿದ್ದಂತೆ ಓಣಿಯ ಸದ್ದೇ ಬದಲಾಗುತ್ತದೆ. ಮೂಲೆ ಸೇರಿದ್ದ ಕೂಲರ್‌ಗಳು ಧೂಳು ಕೊಡವಿಕೊಂಡು ಕಿಟಕಿಗೆ ಬರುತ್ತವೆ, ಸಂಜೆಯಾದರೆ ಮನೆಮನೆಯಿಂದ ‘ಭೋರ್’ ಎಂಬ ಶಬ್ದ ಹೊರಡುತ್ತದೆ. ನಾನು ಹುಡುಗನಾಗಿದ್ದಾಗ ಬೇಸಿಗೆಯ ಸದ್ದೆಂದರೆ ಬೀಸಣಿಕೆಯ ಸರಸರ. ಆಮೇಲೆ ಕಟಕಟ ಎನ್ನುವ ಸೀಲಿಂಗ್ ಫ್ಯಾನು ಬಂತು, ಅದರ ಹಿಂದೆ ಕೂಲರ್ ಬಂತು. ಈಗ ಎಸಿ. ತಂಪು ಹೆಚ್ಚಿದಂತೆಲ್ಲ ಸದ್ದಿನ ಬಗೆಯೂ ಬದಲಾಗುತ್ತಲೇ ಬಂದಿದೆ.

ಎಸಿಯ ಸದ್ದು ಕೂಲರ್‌ನಷ್ಟು ಜೋರಿಲ್ಲ, ನಿಜ. ಅದಕ್ಕೇ ನಾವು ಅದನ್ನು ಸದ್ದು ಎಂದೇ ಎಣಿಸುವುದಿಲ್ಲ. ಆದರೆ ಜೋರಿಲ್ಲದ ಸದ್ದು ಕೂಡ ಒಂದು ಮನೆಯಲ್ಲಿ ಏನೇನು ಮಾಡಬಲ್ಲದು ಎಂಬುದನ್ನು ನಾನು ಹೋದ ಬೇಸಿಗೆಯಲ್ಲಿ ಕಂಡೆ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನದ ಪಾಠ ಹೇಳಿದವನಿಗೂ ಅದೊಂದು ಹೊಸ ಪಾಠವೇ ಆಗಿತ್ತು.

ನಮ್ಮದು ಹಳೆಯ ಮನೆ. ನೆಲಕ್ಕೆಲ್ಲ ಶಹಾಬಾದ್ ಕಲ್ಲು, ಗೋಡೆ ದಪ್ಪ. ಏಪ್ರಿಲ್‌ವರೆಗೂ ಒಳಗೆ ಹೇಗೋ ನಡೆಯುತ್ತದೆ. ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ದಾಟಿದ ಮೇಲೆ ಗೋಡೆಯೇ ಒಲೆಯಾಗುತ್ತದೆ. ಪುಣೆಯಲ್ಲಿರುವ ಮಗ ಹಟ ಹಿಡಿದು ಒಂದು ಕೋಣೆಗೆ ಎಸಿ ಹಾಕಿಸಿಕೊಟ್ಟ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದರೆ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಮನೆಯವರೆಲ್ಲ ಆ ಕೋಣೆಯಲ್ಲೇ. ಅಲ್ಲಿಯೇ ಊಟ, ಅಲ್ಲಿಯೇ ಚೌಕಾಬಾರ, ಅಲ್ಲಿಯೇ ನಿದ್ದೆ.

ಎಲ್ಲರೂ ಎಂದೆನಲ್ಲ, ಒಬ್ಬರನ್ನು ಬಿಟ್ಟು. ನನ್ನ ಮನೆಯಾಕೆ, ಅಂದರೆ ಮಕ್ಕಳ ಆಯಿ, ಹತ್ತು ನಿಮಿಷ ಕೂತು ಮೆಲ್ಲಗೆ ಎದ್ದು ಪಡಸಾಲೆಗೆ ಹೋಗಿಬಿಡುತ್ತಿದ್ದಳು.

“ಯಾಕ ಆಯಿ, ಒಳಗ ಬಾ. ಹೊರಗ ಎಷ್ಟು ಧಗಿ ಅದ!” ಎಂದು ಮೊಮ್ಮಗಳು ಕರೆದರೆ, “ನನಗ ಈ ತಂಪು ಆಗಿಬರಂಗಿಲ್ಲವ್ವ. ಇಲ್ಲೇ ಛಲೋ ಅದ” ಎಂದು ಚಾಪೆ ಹಾಸಿಕೊಂಡು, ಫ್ಯಾನಿನ ಕೆಳಗೆ ಅಡ್ಡಾಗುತ್ತಿದ್ದಳು.

ಒಂದು ಮಧ್ಯಾಹ್ನ ಚಾಪೆಯಿಂದ ಎದ್ದವಳಿಗೆ ತಲೆ ಸುತ್ತಿ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಡಾಕ್ಟರ್ ನೋಡಿ, ಮಜ್ಜಿಗೆ-ಪಾನಕ ಕುಡಿಸಿ, ಮಧ್ಯಾಹ್ನ ತಂಪಿನಲ್ಲೇ ಇರಬೇಕೆಂದು ಕಟ್ಟುನಿಟ್ಟಾಗಿ ಹೇಳಿದರು. ವಯಸ್ಸಾದಂತೆ ಮೈ ಬೆವರುವುದು ಕಡಿಮೆಯಾಗುತ್ತದೆ, ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಧಗೆ ಹಿರಿಯರನ್ನು ಸದ್ದಿಲ್ಲದೆ ಕೆಡವುತ್ತದೆ. ಇದು ತಮಾಷೆಯ ಮಾತಲ್ಲ.

ಆದರೂ ಆಕೆ ಕೋಣೆಯಲ್ಲಿ ಕೂರಲಿಲ್ಲ. ಕೂತರೂ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ರಾತ್ರಿ ಅಂಗಳದಲ್ಲಿ ಒಗಟು ಹೇಳುವ, ಮಕ್ಕಳ ಉತ್ತರಕ್ಕೆ ನಗುವ ಆಯಿಯೇ ಬೇರೆ. ಈ ಕೋಣೆಯ ಆಯಿಯೇ ಬೇರೆ. ಕಾರಣ ಹಿಡಿದವಳು ಏಳನೆಯ ತರಗತಿಯ ಮೊಮ್ಮಗಳು. ಒಂದು ದಿನ ಕರೆಂಟು ಹೋಯಿತು. ಎಸಿ ನಿಂತ ಮರುಗಳಿಗೆಯೇ ಆಯಿ ಮಗ್ಗುಲು ಬದಲಿಸಿ, “ಏನಂದಿ ಈಗ? ಮತ್ತೊಮ್ಮೆ ಹೇಳು” ಎಂದಳಂತೆ. ಹುಡುಗಿ ನನ್ನ ಹತ್ತಿರ ಓಡಿ ಬಂದು ಪಿಸುಗುಟ್ಟಿದಳು: “ಮುತ್ಯಾ, ಆಯಿಗೆ ತಂಪು ಆಗಿಬರಂಗಿಲ್ಲ ಅಂತಲ್ಲ. ಎಸಿ ಹಚ್ಚಿದಾಗ ಆಕಿಗೆ ನಮ್ಮ ಮಾತು ಕೇಳಸಂಗಿಲ್ಲ!”

ಆಯಿ ಎರಡು ವರ್ಷದಿಂದ ಕಿವಿಗೆ ಮಷೀನು ಹಾಕುತ್ತಾಳೆ. ಮಕ್ಕಳೇ, ಇದನ್ನು ಸ್ವಲ್ಪ ಗಮನವಿಟ್ಟು ಓದಿ. ನಿಮ್ಮ ಮನೆಯ ಅಜ್ಜ-ಅಜ್ಜಿಯರಿಗೂ ಇದು ಅನ್ವಯಿಸಬಹುದು. ವಯಸ್ಸಾದಂತೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದು ಕೀಚು ಸ್ವರಗಳನ್ನು. ‘ಸ’, ‘ಶ’, ‘ತ’, ‘ಕ’ ಇಂಥ ಅಕ್ಷರಗಳ ಮೆಲುಸದ್ದು ಆ ಕೀಚು ಭಾಗದಲ್ಲೇ ಇರುತ್ತದೆ. ‘ಆ’, ‘ಓ’ ಮೊದಲಾದ ಸ್ವರಗಳು ದಪ್ಪ, ಗಟ್ಟಿ. ಹಾಗಾಗಿ ಹಿರಿಯರಿಗೆ ಯಾರೋ ಮಾತಾಡುತ್ತಿರುವುದು ಕೇಳಿಸುತ್ತದೆ, ಏನು ಮಾತಾಡಿದರು ಎಂಬುದು ತಿಳಿಯುವುದಿಲ್ಲ. ‘ಕಥೆ’ ಎಂದರೆ ‘ಅಥೆ’ ಎಂಬಂತೆ ಕೇಳಿಸೀತು. ಅದರ ಮೇಲೆ ಎಸಿಯ ‘ಝುಂಯ್’ ಹೊದಿಸಿದರೆ ಉಳಿದ ಅಕ್ಷರಗಳೂ ಮುಚ್ಚಿಹೋಗುತ್ತವೆ. ಕಿವಿಯ ಮಷೀನು ಮಾತನ್ನು ದೊಡ್ಡದು ಮಾಡುವಾಗ ಆ ಝುಂಯ್ಯನ್ನೂ ದೊಡ್ಡದು ಮಾಡಿ ಒಳಗೆ ಕಳಿಸುತ್ತದೆ. ನಾಲ್ಕು ಮಂದಿ ನಗುತ್ತಿರುವ ಕಡೆ ಒಬ್ಬರೇ ಏನೂ ತಿಳಿಯದೆ ಕೂರುವುದಕ್ಕಿಂತ, ಧಗೆಯೇ ವಾಸಿ ಎಂದು ಆಕೆ ಎದ್ದು ಹೋಗುತ್ತಿದ್ದಳು. ಕೇಳಿಸುವುದಿಲ್ಲ ಎಂದು ಹೇಳಿಕೊಳ್ಳಲು ಆಕೆಗೆ ಸಂಕೋಚ.

ಎಸಿ ನಿಲ್ಲಿಸಿದರೆ ಆಯಿಗೆ ಧಗೆ. ಹಚ್ಚಿದರೆ ಆಯಿಗೆ ಒಂಟಿತನ. ಉಳಿದದ್ದು ಒಂದೇ ದಾರಿ: ಎಸಿಯ ಬಾಯಿ ಮುಚ್ಚಿಸುವುದು. ನಾನು, ಮೊಮ್ಮಗಳು ಮತ್ತು ನಾಲ್ಕನೆಯ ತರಗತಿಯ ಮೊಮ್ಮಗ ಸೇರಿ ಆ ಕೆಲಸಕ್ಕೆ ಇಳಿದೆವು.

ಮೊದಲು ಅಳತೆ. ಸದ್ದನ್ನು ಅಳೆಯುವುದು ಡೆಸಿಬಲ್ ಎಂಬ ಮಾಪಕದಲ್ಲಿ. ಈ ಮಾಪಕ ನಮ್ಮ ಸ್ಕೇಲಿನ ಹಾಗೆ ಸಮನಾಗಿ ಏರುವುದಿಲ್ಲ. 40ರಿಂದ 50 ಡೆಸಿಬಲ್‌ಗೆ ಹೋದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ನಮ್ಮ ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ. ಅಂದರೆ ಹತ್ತು ಡೆಸಿಬಲ್ ಇಳಿಸಿದರೆ ಸದ್ದು ಅರ್ಧವಾದಂತೆ ಅನ್ನಿಸುತ್ತದೆ. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್‌ಗಳಿವೆ. ಪ್ರಯೋಗಶಾಲೆಯ ಉಪಕರಣದಷ್ಟು ಅವು ಕರಾರುವಾಕ್ಕಲ್ಲ. ಆದರೆ ಒಂದೇ ಫೋನನ್ನು ಒಂದೇ ಜಾಗದಲ್ಲಿಟ್ಟು ಮೊದಲೆಷ್ಟಿತ್ತು, ಈಗೆಷ್ಟಾಯಿತು ಎಂದು ಹೋಲಿಸಲು ಸಾಕು. ಆಯಿಯ ದಿಂಬಿನ ಮೇಲೆ ಫೋನಿಟ್ಟೆವು. ಎಸಿ ಬಂದಾಗಿದ್ದಾಗ 33 ತೋರಿಸಿತು. ಎಸಿ ಹಚ್ಚಿ, ಮೊಮ್ಮಗನ ಪ್ರೀತಿಯ 18 ಡಿಗ್ರಿಗಿಟ್ಟು, ಗಾಳಿಯನ್ನು ಪೂರ್ತಿ ಮಾಡಿದಾಗ 52.

“ಹತ್ತೊಂಬತ್ತೇ ಹೆಚ್ಚಾತಲ್ಲ ಮುತ್ಯಾ?” ಎಂದ ಮೊಮ್ಮಗ.

“ಹತ್ತೊಂಬತ್ತೇ ಅನಬ್ಯಾಡ. ಲೆಕ್ಕಕ್ಕ ಹಿಡಿದರ ಶಕ್ತಿ ಎಂಬತ್ತು ಪಟ್ಟು ಹತ್ರ ಹೋಗತದ” ಎಂದೆ. ಹುಡುಗ ಬಾಯಿ ತೆರೆದು ಎಸಿಯನ್ನೇ ನೋಡಿದ.

ಆಮೇಲೆ ಪತ್ತೇದಾರಿಕೆ. ಒಂದು ನೋಟ್‌ಬುಕ್ ತೆಗೆದುಕೊಂಡು, ಕಣ್ಣು ಮುಚ್ಚಿ ಕೂತು, ಕೇಳಿಸಿದ ಸದ್ದುಗಳನ್ನೆಲ್ಲ ಬರೆಯಿರಿ ಎಂದು ಇಬ್ಬರಿಗೂ ಹೇಳಿದೆ. ‘ಎಸಿ ಸದ್ದು’ ಎಂಬುದು ಒಂದೇ ಸದ್ದಲ್ಲ, ಐದಾರು ಸದ್ದುಗಳ ಮೇಳ. ಯಾವುದು ಯಾರದೆಂದು ಬಿಡಿಸದೆ ಮದ್ದು ಮಾಡಲಾಗದು. ಅರ್ಧ ಗಂಟೆಯಲ್ಲಿ ಅವರ ಪಟ್ಟಿ ಹೀಗಿತ್ತು: ಝುಂಯ್, ಗುಂಯ್, ಟಕ್-ಟಕ್, ಗುಳುಗುಳು, ಝಣಝಣ.

ಈ ಸದ್ದುಗಳ ಮೂಲ ತಿಳಿಯಲು ಎಸಿಯ ಕೆಲಸ ತಿಳಿಯಬೇಕು. ಎಸಿ ಹೊಸದಾಗಿ ತಂಪನ್ನು ಹುಟ್ಟಿಸುವುದಿಲ್ಲ; ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಗೋಡೆಯ ಮೇಲಿನ ಪೆಟ್ಟಿಗೆಯೊಳಗೆ ಬೀಸುಗೊಳವೆಯಂಥ ಉದ್ದನೆಯ ಉರುಳೆ ಫ್ಯಾನಿದೆ. ಅದು ಕೋಣೆಯ ಗಾಳಿಯನ್ನೆಳೆದು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸುತ್ತದೆ. ಕೊಳವೆಯೊಳಗಿನ ಅನಿಲ ಆ ಬಿಸಿಯನ್ನು ಹೀರಿ ಹೊರಗಿನ ಪೆಟ್ಟಿಗೆಗೆ ಒಯ್ಯುತ್ತದೆ. ಅಲ್ಲಿ ಕಂಪ್ರೆಸರ್ ಅದನ್ನು ಒತ್ತುತ್ತದೆ, ದೊಡ್ಡ ಫ್ಯಾನು ಬಿಸಿಯನ್ನು ಗಾಳಿಗೆ ಊದುತ್ತದೆ. ಕಿಟಕಿಯ ಎಸಿಯಲ್ಲಿ ಇವೆಲ್ಲ ಒಂದೇ ಡಬ್ಬಿಯಲ್ಲಿರುವುದರಿಂದ ಅದು ಹೆಚ್ಚು ಗಲಾಟೆ ಮಾಡುತ್ತದೆ. ಸ್ಪ್ಲಿಟ್ ಎಸಿಯಲ್ಲಿ ಗಲಾಟೆಯ ಕಂಪ್ರೆಸರನ್ನು ಹೊರಗೆ ನಿಲ್ಲಿಸಿದ್ದಾರೆ.

ಅಂದಹಾಗೆ, ಈ ಯಂತ್ರ ಮೊದಲು ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲ, ಕಾಗದಕ್ಕಾಗಿ! ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಚಿತ್ರಗಳು ಅಚ್ಚಿನಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಇಪ್ಪತ್ತೈದು ವರ್ಷದ ಎಂಜಿನಿಯರ್ ಅದಕ್ಕೆಂದು ಗಾಳಿಯ ತೇವ ಹದಗೊಳಿಸುವ ವ್ಯವಸ್ಥೆ ರೂಪಿಸಿದ. ಕಾಗದಕ್ಕೆ ಕಿವಿ ಇಲ್ಲವಲ್ಲ! ಮಲಗುವ ಕೋಣೆಗೆ ಬಂದ ಮೇಲೆಯೇ ಈ ಯಂತ್ರ ಮೆಲ್ಲಗೆ ಉಸಿರಾಡುವುದನ್ನು ಕಲಿಯಬೇಕಾಯಿತು.

ಪಟ್ಟಿಯ ಮೊದಲ ಸದ್ದು ಝುಂಯ್. ಅದು ಗಾಳಿಯದೇ ಎಂದು ಖಚಿತಪಡಿಸಲು ಸುಲಭದ ಪರೀಕ್ಷೆಯಿದೆ. ರಿಮೋಟಿನಲ್ಲಿ ಬರೀ ಫ್ಯಾನ್ ಎಂಬ ಆಯ್ಕೆ ಒತ್ತಿದರೆ ಕಂಪ್ರೆಸರ್ ನಿಲ್ಲುತ್ತದೆ, ಗಾಳಿ ಮಾತ್ರ ಬೀಸುತ್ತದೆ. ಆಗಲೂ ಉಳಿದ ಸದ್ದು ಒಳಗಿನ ಫ್ಯಾನಿನದು. ಹೋದ ಸದ್ದು ಕಂಪ್ರೆಸರಿನದು. ನಮ್ಮಲ್ಲಿ ಝುಂಯ್ ಉಳಿಯಿತು. ಮೇನ್ ಸ್ವಿಚ್ ಆರಿಸಿ ಮುಚ್ಚಳ ಎತ್ತಿ ಜಾಲರಿ ತೆಗೆದು ನೋಡಿದರೆ ಕಲಬುರಗಿಯ ಕೆಂಧೂಳೆಲ್ಲ ಅಲ್ಲೇ ಬೀಡುಬಿಟ್ಟಿತ್ತು. ಹದಿನೈದು ದಿನದ ಹಿಂದಷ್ಟೇ ತೊಳೆದದ್ದು! ನಮ್ಮ ಕಡೆ ಬಿಸಿಲುಗಾಳಿಯ ದಿನಗಳಲ್ಲಿ ವಾರಕ್ಕೊಮ್ಮೆ ತೊಳೆದರೂ ತಪ್ಪಿಲ್ಲ. ಜಾಲರಿ ಕಟ್ಟಿದರೆ ಫ್ಯಾನು ಉಸಿರು ಸಿಕ್ಕಿಕೊಂಡವನಂತೆ ಏದುಸಿರು ಬಿಡುತ್ತದೆ. ತಂಪೂ ಕಡಿಮೆ, ಸದ್ದೂ ಜಾಸ್ತಿ. ಮಕ್ಕಳು ನಲ್ಲಿಯ ಕೆಳಗೆ ತೊಳೆದು, ನೆರಳಲ್ಲಿ ಒಣಗಿಸಿ ಮತ್ತೆ ಕೂರಿಸಿದರು.

ಟಕ್-ಟಕ್ ಎಂಬುದು ನಿರಪರಾಧಿ. ಎಸಿ ಹಚ್ಚಿದಾಗ ಮತ್ತು ಆರಿಸಿದಾಗ ಅದರ ಪ್ಲಾಸ್ಟಿಕ್ ಮೈ ತಂಪಿಗೆ ಕುಗ್ಗಿ ಬಿಸಿಗೆ ಹಿಗ್ಗುವಾಗ ಹೀಗೆ ಸದ್ದು ಮಾಡುತ್ತದೆ. ತಗಡಿನ ಮನೆಯವರಿಗೆ ಇದು ಗೊತ್ತು. ಸಂಜೆ ತಗಡು ತಣ್ಣಗಾಗುವಾಗ ‘ಟಣ್’ ಎನ್ನುತ್ತದಲ್ಲ, ಅದೇ. ಮೆಲ್ಲನೆಯ ಗುಳುಗುಳು ಕೂಡ ಕೊಳವೆಯಲ್ಲಿ ಅನಿಲ ಹರಿಯುವ ಸದ್ದು. ಅದು ಜೋರಾದರೆ, ಇಲ್ಲವೇ ಒಳಗಿನಿಂದ ನೀರು ತೊಟ್ಟಿಕ್ಕಿದರೆ ಮಾತ್ರ ಮೆಕ್ಯಾನಿಕ್‌ಗೆ ಹೇಳಬೇಕು. ನೀರು ಹೊರಹೋಗುವ ಪೈಪು ಕಟ್ಟಿರಬಹುದು.

ಝಣಝಣ ನಮ್ಮನ್ನು ಬಹಳ ಸತಾಯಿಸಿತು. ಬರುವುದು ಎಸಿಯ ದಿಕ್ಕಿನಿಂದ, ಆದರೆ ಎಸಿಯ ಮೈಮೇಲೆ ಕೈಯಿಟ್ಟರೆ ನಿಲ್ಲುತ್ತಿರಲಿಲ್ಲ. ಮೊಮ್ಮಗ ಒಂದೊಂದಾಗಿ ಎಲ್ಲದರ ಮೇಲೂ ಬೆರಳಿಡುತ್ತ ಹೋದ. ಗೋಡೆಗೆ ನೇತುಹಾಕಿದ್ದ ನಮ್ಮ ಮದುವೆಯ ಫೋಟೋದ ಗಾಜಿನ ಮೇಲೆ ಬೆರಳಿಟ್ಟಾಗ ಸದ್ದು ಗಪ್ಪೆಂದು ನಿಂತಿತು! “ಮುತ್ಯಾ, ನಿಮ್ಮ ಲಗ್ನದ ಫೋಟೋನೇ ಗದ್ದಲ ಮಾಡ್ಲಕತ್ತದ!” ಎಂದು ಹುಡುಗ ಕುಣಿದ. ಪ್ರತಿಯೊಂದು ವಸ್ತುವಿಗೂ ತನಗೆ ಒಪ್ಪುವ ಒಂದು ಕಂಪನವಿರುತ್ತದೆ. ಅದೇ ಲಯದಲ್ಲಿ ಯಾರಾದರೂ ಅಲುಗಿಸಿದರೆ ಅದು ಜೋರಾಗಿ ಕುಣಿಯುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಒಂದೊಂದೇ ಬೆರಳಿನಿಂದ ತಳ್ಳಿದರೂ ಮೇಲೇರುತ್ತದಲ್ಲ, ಹಾಗೆ. ಇದನ್ನೇ ಅನುರಣನ ಎನ್ನುತ್ತಾರೆ. ಫೋಟೋದ ಹಿಂದೆ ನಾಲ್ಕು ಮೂಲೆಗೆ ಹಳೆಯ ಬಟ್ಟೆಯ ತುಂಡು ಅಂಟಿಸಿದೆವು. ಝಣಝಣ ಮಾಯ.

ಹಾಗಾದರೆ ಗೋಡೆಯನ್ನು ಅಲುಗಿಸುತ್ತಿದ್ದವರು ಯಾರು? ಉಳಿದದ್ದು ಗುಂಯ್. ಬರೀ ಫ್ಯಾನ್ ಹಾಕಿದಾಗ ಅದು ಹೋಗುತ್ತಿತ್ತು. ಅಂದರೆ ಹೊರಗಿನ ಪೆಟ್ಟಿಗೆಯೇ ಕಳ್ಳ.

ಆ ಪೆಟ್ಟಿಗೆಯ ಜಾಗದ ಕತೆಯನ್ನೂ ಹೇಳಬೇಕು. ಎಸಿ ಕೂರಿಸಲು ಬಂದವರು ಅದನ್ನು ಪಕ್ಕದ ಸಂದಿಯ ಗೋಡೆಗೆ ಹಾಕೋಣ, ಪೈಪು ಕಡಿಮೆ ಬೀಳುತ್ತದೆ ಎಂದಿದ್ದರು. ಆ ಸಂದಿ ಐದು ಅಡಿ ಅಗಲ. ಎದುರಿಗೇ ಪಕ್ಕದ ಮನೆಯವರು ಮಲಗುವ ಕೋಣೆಯ ಕಿಟಕಿ. ಬಯಲಿನಲ್ಲಾದರೆ ಸದ್ದಿನಿಂದ ದೂರ ಎರಡು ಪಟ್ಟಾದಾಗಲೆಲ್ಲ ಆರು ಡೆಸಿಬಲ್ ಇಳಿಯುತ್ತದೆ. ಸಂದಿಯಲ್ಲಿ ಸದ್ದು ಎರಡೂ ಗೋಡೆಗೆ ಬಡಿದು ಬಡಿದು ಅಲ್ಲೇ ಸುತ್ತುತ್ತದೆ. ಅದಕ್ಕೆ ನಾಲ್ಕು ಕಾಸು ಹೆಚ್ಚಾದರೂ ಇರಲಿ ಎಂದು ಹಿತ್ತಲ ಕಡೆಯ ಗೋಡೆಗೆ ಹಾಕಿಸಿದ್ದೆ. ಕಾನೂನು ಕೂಡ ಇದನ್ನೇ ಹೇಳುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ನೆರೆಯವರ ನಿದ್ದೆಗೆ ಲೆಕ್ಕವಿದೆ ಎಂಬುದನ್ನು ಸರ್ಕಾರವೂ ಒಪ್ಪಿದೆ.

ಹಿತ್ತಲ ಗೋಡೆಯೇ ಎಸಿ ಕೋಣೆಯ ಹಿಂಗೋಡೆ. ಪೆಟ್ಟಿಗೆ ನಡುಗಿದರೆ ಕಬ್ಬಿಣದ ಸ್ಟ್ಯಾಂಡ್ ನಡುಗುತ್ತದೆ, ಸ್ಟ್ಯಾಂಡಿನಿಂದ ಗೋಡೆ, ಗೋಡೆಯಿಂದ ಕೋಣೆ. ದಪ್ಪ ಸ್ವರಗಳು ಗೋಡೆ ದಾಟುವುದರಲ್ಲಿ ಜಾಣರು. ಜಾತ್ರೆಯಲ್ಲಿ ದೂರದಿಂದ ಬರುವ ಮೆರವಣಿಗೆಯಲ್ಲಿ ನಮಗೆ ಮೊದಲು ಕೇಳುವುದು ಡೊಳ್ಳಿನ ಗುಡುಗು. ತಾಳದ ಕಿಣಿಕಿಣಿ ಹತ್ತಿರ ಬಂದ ಮೇಲಷ್ಟೇ.

ಏಣಿ ಹತ್ತುವ ಕೆಲಸ ನಮ್ಮದಲ್ಲ. ವಿದ್ಯುತ್ತು, ಎತ್ತರ, ತಿರುಗುವ ಫ್ಯಾನು, ಮೂರೂ ಅಲ್ಲಿವೆ. ಮೆಕ್ಯಾನಿಕ್ ಹುಡುಗನನ್ನು ಕರೆಸಿದೆವು. ಅವನು ಮೇಲೆ ಹತ್ತಿ ನೋಡಿ, “ಸರ್, ರಬ್ಬರ್ ಪ್ಯಾಡ್ ಬಿಸಿಲಿಗೆ ಸುಟ್ಟು ಕಲ್ಲಾಗ್ಯಾವ್ರಿ. ಎರಡು ಬೋಲ್ಟು ಸಡಲ ಆಗ್ಯಾವ” ಎಂದ. ಪೆಟ್ಟಿಗೆಯ ಕಾಲುಗಳ ಕೆಳಗಿನ ಆ ರಬ್ಬರ್ ತುಂಡುಗಳು ಮೋಟರ್‌ಸೈಕಲ್ಲಿನ ಶಾಕ್ ಅಬ್ಸಾರ್ಬರ್ ಇದ್ದಂತೆ. ನಡುಕವನ್ನು ತಾವು ನುಂಗಿ ಗೋಡೆಗೆ ಬಿಡುವುದಿಲ್ಲ. ಕಲ್ಲಾದ ರಬ್ಬರ್ ಏನನ್ನು ನುಂಗೀತು? ಹೊಸ ದಪ್ಪನೆಯ ಪ್ಯಾಡ್ ಹಾಕಿ, ಬೋಲ್ಟು ಬಿಗಿದು, ಕೊಳವೆ ಗೋಡೆಗೆ ತಾಗುವಲ್ಲಿ ಸ್ಪಂಜು ಸುತ್ತಿದ. ಒಳಗಿನ ಉರುಳೆ ಫ್ಯಾನನ್ನೂ ನೀರು ಹಾಯಿಸಿ ತೊಳೆದ. ಅದರ ಎಲೆಗಳಿಗೆ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಧೂಳು ಕೂತರೆ ತೂಕ ತಪ್ಪಿ ಫ್ಯಾನು ತೂಗಾಡುತ್ತದೆ. ಕಪ್ಪು ನೀರು ಬಕೆಟ್ಟಿಗೆ ಇಳಿಯುವುದನ್ನು ಮಕ್ಕಳು ಸಿನಿಮಾ ನೋಡಿದಂತೆ ನೋಡಿದರು.

ಇದೆಲ್ಲ ನಡೆಯುವಾಗ ಪಕ್ಕದ ಮನೆಯ ಕಾಕಾ ಬಂದು ನಿಂತಿದ್ದರು. ಅವರದೂ ಒಂದು ತಕರಾರು. “ಏನ್ರಿ ಮಾಸ್ತರ, ನಿಮಗೆಲ್ಲ ತ್ರಾಸ ಆಗಬಾರದು ಅಂತ ನಮ್ಮ ಮಷೀನಿಗೆ ಸುತ್ತ ಪ್ಲೈವುಡ್ ಡಬ್ಬಿ ಮಾಡಿಸೀನಿ. ಸದ್ದು ಕಮ್ಮಿ ಆಗೂದು ಬಿಟ್ಟು ಹೆಚ್ಚಾಗ್ಯದ!” ಅವರ ಮನಸ್ಸು ದೊಡ್ಡದು, ಡಬ್ಬಿ ಮಾತ್ರ ತಪ್ಪು ಜಾಗದಲ್ಲಿತ್ತು. ಆ ಪೆಟ್ಟಿಗೆಯ ಕೆಲಸವೇ ಬಿಸಿ ಗಾಳಿಯನ್ನು ದೂರ ಊದುವುದು. ಸುತ್ತ ಮುಚ್ಚಿದರೆ ತಾನು ಊದಿದ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಆಗ ಕಂಪ್ರೆಸರ್ ಇನ್ನಷ್ಟು ಒದ್ದಾಡುತ್ತದೆ. ಸದ್ದು, ಕರೆಂಟು ಬಿಲ್ಲು ಎರಡೂ ಏರುತ್ತವೆ, ಯಂತ್ರವೂ ಬೇಗ ಕೆಡುತ್ತದೆ. “ಕಾಕಾ, ಈ ಬ್ಯಾಸಗ್ಯಾಗ ನಿಮಗ ಯಾರರ ಕಂಬಳಿ ಹೊಚ್ಚಿ ಓಡು ಅಂದರ ನೀವು ಸುಮ್ಮನ ಓಡತೀರೇನ್ರಿ?” ಎಂದೆ. ಅವರು ನಕ್ಕು, ಅಂದೇ ಸಂಜೆ ಡಬ್ಬಿ ತೆಗೆಸಿದರು. ಆ ಪ್ಲೈವುಡ್ಡು ಈಗ ಅವರ ಮೊಮ್ಮಗನ ಪುಸ್ತಕದ ಕಪಾಟಾಗಿದೆ.

ಯಂತ್ರದ ಕೆಲಸ ಮುಗಿಯಿತು. ಕೋಣೆಯ ಕೆಲಸ ಬಾಕಿಯಿತ್ತು. ಶಹಾಬಾದ್ ಕಲ್ಲಿನ ನೆಲ, ಬೋಳು ಗೋಡೆ ಸದ್ದನ್ನು ನುಂಗುವುದಿಲ್ಲ. ಚೆಂಡಿನಂತೆ ಪುಟಿಸಿ ಹಿಂದಕ್ಕೆ ಕಳಿಸುತ್ತವೆ. ಖಾಲಿ ಮನೆಯಲ್ಲಿ ಕೂಗಿದರೆ ಮಾತು ಮೊಳಗುವುದು ಇದಕ್ಕೇ. ಟ್ರಂಕಿನಿಂದ ಆಯಿ ಹೊಲಿದ ನಾಲ್ಕು ಕೌದಿಗಳನ್ನು ತೆಗೆದೆವು. ಎರಡನ್ನು ನೆಲಕ್ಕೆ ಹಾಸಿ, ಒಂದನ್ನು ಎಸಿಯ ಎದುರಿನ ಗೋಡೆಗೆ ತೂಗುಹಾಕಿ, ಇನ್ನೊಂದನ್ನು ಬಿಸಿಲು ಬೀಳುವ ಪಡುವಣ ಕಿಟಕಿಗೆ ಪರದೆಯ ಮೇಲೊಂದು ಪರದೆ ಮಾಡಿದೆವು. ಕೌದಿಯ ಬಟ್ಟೆಯ ಪದರಗಳು ಸದ್ದನ್ನು ಹೀರುತ್ತವೆ. ಕಿಟಕಿಯ ಕೌದಿಗೆ ಇನ್ನೊಂದು ಲಾಭವಿತ್ತು: ಬಿಸಿಲು ಒಳಗೆ ಬಾರದಿದ್ದರೆ ಎಸಿಗೆ ಕೆಲಸವೇ ಕಡಿಮೆ. ಮಾಳಿಗೆಗೆ ಸುಣ್ಣ ಬಳಿಸಿದ್ದೂ ಅದೇ ಕಾರಣಕ್ಕೆ. ಬಿಳಿ ಮಾಳಿಗೆ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ.

ಕೊನೆಯದು ಮೊಮ್ಮಗನ 18 ಡಿಗ್ರಿ. ಇದಕ್ಕೆ ಮಾತ್ರ ಸಣ್ಣದೊಂದು ಯುದ್ಧವೇ ನಡೆಯಿತು. ರಿಮೋಟಿನಲ್ಲಿ ಸಂಖ್ಯೆ ಇಳಿಸಿದರೆ ಕೋಣೆ ಬೇಗ ತಂಪಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಆ ಸಂಖ್ಯೆ ಎಲ್ಲಿ ನಿಲ್ಲಬೇಕು ಎಂಬ ಗುರುತಷ್ಟೇ. 43 ಡಿಗ್ರಿಯ ಊರಿನಲ್ಲಿ 18 ಎಂದು ಹೇಳಿದರೆ ಯಂತ್ರಕ್ಕೆ ನಿಲ್ಲುವ ಮಾತೇ ಇಲ್ಲ, ದಿನವಿಡೀ ಪೂರ್ತಿ ಜೋರಿನಲ್ಲಿ ಓಡುತ್ತದೆ. ನಮ್ಮದು ಇನ್ವರ್ಟರ್ ಎಸಿ. ಹಳೆಯ ಬಗೆಯ ಕಂಪ್ರೆಸರ್ ಓಡಿದರೆ ಪೂರ್ತಿ, ಇಲ್ಲದಿದ್ದರೆ ಬಂದ್. ನಡುರಾತ್ರಿ ಧಡ್ ಎಂದು ಶುರುವಾಗಿ ಎಬ್ಬಿಸುತ್ತದೆ. ಇನ್ವರ್ಟರ್ ಬಗೆಯದು ಬೇಕಾದ ತಂಪು ಹತ್ತಿರ ಬಂದಂತೆ ತನ್ನ ಓಟವನ್ನು ನಡಿಗೆಗೆ ಇಳಿಸುತ್ತದೆ. ಆದರೆ ಗುರಿಯನ್ನು ಮುಟ್ಟುವಂಥ ಜಾಗದಲ್ಲಿಟ್ಟರೆ ಮಾತ್ರ. ನಮ್ಮ ದೇಶದಲ್ಲಿ 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಕೋಣೆ ಎಸಿಗಳು ಹಚ್ಚಿದ ಕೂಡಲೇ 24 ಡಿಗ್ರಿಗೆ ಹೊಂದಿಕೊಂಡಿರಬೇಕೆಂಬ ನಿಯಮ ಬಂದಿದೆ. ನಾವು 26ಕ್ಕೆ ಇಟ್ಟು, ಸೀಲಿಂಗ್ ಫ್ಯಾನನ್ನು ಎರಡರಲ್ಲಿ ತಿರುಗಿಸಿದೆವು. ಹುಡುಗ ಅರ್ಧ ಗಂಟೆ ಮುಖ ಊದಿಸಿಕೊಂಡ. ಆಮೇಲೆ ಹೊದಿಕೆ ಕೇಳಿದ.

ಜೊತೆಗೊಂದು ವೇಳಾಪಟ್ಟಿ ಮಾಡಿದೆವು. ಹನ್ನೊಂದೂವರೆಗೇ, ಯಾರೂ ಒಳಗಿಲ್ಲದಾಗ, ಬಾಗಿಲು ಮುಚ್ಚಿ ಎಸಿಯನ್ನು ಜೋರಾಗಿ ಓಡಿಸುವುದು. ಹನ್ನೆರಡಕ್ಕೆ ಎಲ್ಲರೂ ಒಳಗೆ ಬಂದಾಗ ಗಾಳಿಯನ್ನು ಅತಿ ಕಡಿಮೆಗೆ ಇಳಿಸುವುದು. ಗಾಳಿಯ ರೆಕ್ಕೆಯನ್ನು ಮೇಲ್ಮುಖ ಮಾಡಿ, ಯಾರ ಕಿವಿಗೂ ನೇರ ಬೀಸದಂತೆ ನೋಡುವುದು. ಗಾಳಿ ಕಿವಿಯ ಮಷೀನಿಗೆ ನೇರ ತಾಗಿದರೆ ಆಯಿಗೆ ಬಿರುಗಾಳಿಯಂತೆ ಕೇಳಿಸುತ್ತದೆ. ಆಯಿಯ ಹಾಸಿಗೆಯನ್ನೂ ಎಸಿಯ ಕೆಳಗಿನಿಂದ ತೆಗೆದು ಎದುರಿನ ಮೂಲೆಗೆ ಒಯ್ದೆವು. ಮಾತಾಡುವವರು ಆಯಿಯ ಮುಂದೆ, ಮುಖದ ಮೇಲೆ ಬೆಳಕು ಬೀಳುವಂತೆ ಕೂರಬೇಕು. ಕಿವಿ ಬಿಟ್ಟ ಅಕ್ಷರವನ್ನು ಕಣ್ಣು ತುಟಿಯಿಂದ ಹಿಡಿಯುತ್ತದೆ.

ಮತ್ತೆ ದಿಂಬಿನ ಮೇಲೆ ಫೋನಿಟ್ಟೆವು. 39. ಮೊದಲಿದ್ದ 52ಕ್ಕೆ ಹೋಲಿಸಿದರೆ ಕಿವಿಗೆ ಅರ್ಧಕ್ಕಿಂತಲೂ ಕಡಿಮೆ. ರಾತ್ರಿ ನಿದ್ದೆಗೆ ಇದೂ ಹೆಚ್ಚೇ. ಮಲಗುವ ಕೋಣೆಯಲ್ಲಿ ಎಡೆಬಿಡದ ಸದ್ದು 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದಕ್ಕೆ ರಾತ್ರಿ ಹೊರಗೆ ತಂಪಾದ ಮೇಲೆ ಎಸಿ ಆರಿಸಿ ಕಿಟಕಿ ತೆರೆಯುತ್ತೇವೆ. ಆದರೆ ಮಧ್ಯಾಹ್ನದ ಮಾತಿಗೆ 39 ಸಾಕಾಗಿತ್ತು.

ಅಂದು ಊಟವಾದ ಮೇಲೆ ಯಾರೂ ಏನೂ ಹೇಳಲಿಲ್ಲ. ಮೊಮ್ಮಕ್ಕಳು ಎಂದಿನಂತೆ ಒಗಟಿನಾಟ ಶುರು ಮಾಡಿದರು. ಮೊಮ್ಮಗಳು ಒಂದು ಒಗಟು ಹೇಳುತ್ತ ನಡುವಿನ ಸಾಲನ್ನೇ ಮರೆತು ತಡವರಿಸಿದಳು. ಮೂಲೆಯಿಂದ ಆಯಿ, “ಹಂಗಲ್ಲ ಅದು” ಎಂದು ಎದ್ದು ಕೂತು ತಿದ್ದಿದಳು. ಹುಡುಗಿ ನನ್ನ ಕಡೆ ನೋಡಿದಳು. ನಾನು ಪೇಪರ್ ಓದುವವನಂತೆ ಮುಖ ಮುಚ್ಚಿಕೊಂಡೆ. ಆಮೇಲೆ ಆಯಿ ತಾನೇ ಒಂದು ಹೊಸ ಒಗಟು ಕಟ್ಟಿದಳು: “ಒಳಗ ಕುಂತ ಅಣ್ಣ ತಂಪು ಉಸಿರಾಡತಾನ, ಹೊರಗ ನಿಂತ ತಮ್ಮ ಬಿಸಿ ಉಸಿರಾಡತಾನ. ಅಣ್ಣನ ಸಲುವಾಗಿ ತಮ್ಮ ದಿನಾ ಬಿಸಲಾಗ ಬೇಯತಾನ. ಯಾರು ಹೇಳ್ರಿ?” ಇಬ್ಬರೂ ಒಟ್ಟಿಗೆ ಎಸಿಯ ಕಡೆ ಕೈ ತೋರಿಸಿ ಕೂಗಿದರು. ಆ ಕೂಗು ಎಷ್ಟು ಡೆಸಿಬಲ್ ಇತ್ತೋ, ಅಳೆಯುವ ಪುರಸೊತ್ತು ನಮಗಿರಲಿಲ್ಲ.

ಆ ರಜೆ ಮುಗಿಯುವವರೆಗೂ ಆಯಿ ಮಧ್ಯಾಹ್ನ ಪಡಸಾಲೆಗೆ ಹೋಗಲಿಲ್ಲ. ತಲೆಸುತ್ತೂ ಮತ್ತೆ ಬರಲಿಲ್ಲ.

ಓದುಗರಲ್ಲಿ ಯಾರಾದರೂ ಹೊಸ ಎಸಿ ಕೊಳ್ಳುವವರಿದ್ದರೆ ಎರಡು ಮಾತು. ಸ್ಟಾರ್ ಎಷ್ಟು, ಬೆಲೆ ಎಷ್ಟು ಎಂದು ಕೇಳುವ ಹಾಗೆಯೇ ಸದ್ದು ಎಷ್ಟು ಡೆಸಿಬಲ್ ಎಂದೂ ಕೇಳಿ. ಒಳಗಿನ ಪೆಟ್ಟಿಗೆಯದು, ಹೊರಗಿನದು ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದ ಸಂಖ್ಯೆ ಸಾಮಾನ್ಯವಾಗಿ ಅತಿ ಕಡಿಮೆ ಗಾಳಿಯಲ್ಲಿ ಅಳೆದದ್ದು ಎಂಬುದು ನೆನಪಿರಲಿ. ಕೋಣೆಗೆ ತೀರ ಚಿಕ್ಕ ಎಸಿ ತಂದರೆ ಅದು ಸದಾ ಏದುಸಿರು ಬಿಡುತ್ತಲೇ ಇರುತ್ತದೆ. ಹೊರಗಿನ ಪೆಟ್ಟಿಗೆ ಎಲ್ಲಿ ಕೂರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಿ, ಪಕ್ಕದ ಮನೆಯವರ ಹತ್ತಿರ ಒಂದು ಮಾತಾಡಿ. ಇದ್ದಕ್ಕಿದ್ದಂತೆ ಲೋಹ ಉಜ್ಜಿದಂಥ ಕರ್ಕಶ ಸದ್ದೋ ಸುಟ್ಟ ವಾಸನೆಯೋ ಬಂದರೆ ಕೂಡಲೇ ಆರಿಸಿ ಮೆಕ್ಯಾನಿಕ್‌ಗೆ ಹೇಳಿ. ಅವರನ್ನು ಸರ್ವಿಸಿಗೆ ಕರೆಯುವುದಾದರೆ ಶಿವರಾತ್ರಿಯ ಹೊತ್ತಿಗೇ ಕರೆಯಿರಿ. ಹೋಳಿ ಕಳೆದ ಮೇಲೆ ಅವರು ಕೈಗೆ ಸಿಗುವುದು ಕಷ್ಟ.

ಇನ್ನು ಮಕ್ಕಳಿಗೆ. ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಎಸಿ ಇರಲಿ, ಕೂಲರ್ ಇರಲಿ, ಬರೀ ಫ್ಯಾನ್ ಇರಲಿ, ಅದು ತಿರುಗುತ್ತಿರುವಾಗ ಅಜ್ಜಿಯ ಎದುರಿಗೆ ಕೂತು ಮೆಲ್ಲಗೆ ಒಂದು ಪ್ರಶ್ನೆ ಕೇಳಿ. ಅವರು ಸುಮ್ಮನೆ ನಕ್ಕು ತಲೆಯಾಡಿಸಿದರೆ ಅಲ್ಲಿಗೇ ಬಿಡಬೇಡಿ. ಫ್ಯಾನನ್ನು ಒಂದು ಸುತ್ತು ಇಳಿಸಿ ಮತ್ತೊಮ್ಮೆ ಕೇಳಿ. ಉತ್ತರ ಬಂದರೆ, ಒಂದು ನೋಟ್‌ಬುಕ್ ತೆಗೆದುಕೊಂಡು ನಿಮ್ಮ ಮನೆಯ ಸದ್ದುಗಳ ಪಟ್ಟಿ ಶುರು ಮಾಡಿ.